ಮಾಗಡಿ ಕೆರೆಯ ಅಂಚೆ

ಮೂವತ್ತಾರು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಅಷ್ಟು ವರ್ಷಗಳಲ್ಲಿ ಹಂಸ ಎಂಬ ಶಬ್ದವನ್ನು ಎಷ್ಟು ಸಲ ಉಚ್ಚರಿಸಿರಬಹುದೆಂದು ಲೆಕ್ಕ ಹಾಕಲು ಹೊರಟರೆ ನನಗೇ ನಗು ಬರುತ್ತದೆ. ಹಂಸಗಮನೆ, ಹಂಸತೂಲಿಕಾತಲ್ಪ, ಪರಮಹಂಸ, ನೀರಕ್ಷೀರವಿವೇಕ. ಕನಕದಾಸರ ನಳಚರಿತ್ರೆಯಲ್ಲಿ ದೌತ್ಯಕ್ಕೆ ಹೋಗುವ ಹಂಸ, ಕಾಳಿದಾಸನ ಮೇಘದೂತದಲ್ಲಿ ಮೋಡದ ಜೊತೆಗಾರನಾಗಿ ಹೊರಡುವ ರಾಜಹಂಸ. ಈ ಹಕ್ಕಿಯನ್ನು ಬಿಟ್ಟು ನಮ್ಮ ಹಳೆಯ ಕಾವ್ಯದ ನಾಲ್ಕು ಪುಟಗಳನ್ನು ದಾಟುವುದು ಕಷ್ಟ. ಆದರೆ ಅದನ್ನು ಒಮ್ಮೆಯಾದರೂ ಕಣ್ಣಾರೆ ಕಾಣಬೇಕೆಂದು ನನಗೆ ಅನ್ನಿಸಿದ್ದಿಲ್ಲ. ಕಾಣದ್ದನ್ನು ಕಲಿಸುವುದು ನಮ್ಮ ವೃತ್ತಿಯಲ್ಲಿ ಅಪರಾಧವೇನಲ್ಲ. ಕಾಣದ್ದು ಇಲ್ಲವೇ ಇಲ್ಲವೆಂದು ಕಲಿಸುವುದು ಬೇರೆ ಮಾತು. ನಾನು ಮಾಡಿದ್ದು ಈ ಎರಡನೆಯದನ್ನು.

ಕವಿಸಮಯವೆಂಬ ಪರಿಭಾಷೆಯನ್ನು ಸಾಹಿತ್ಯದ ವಿದ್ಯಾರ್ಥಿಗಳು ಬಲ್ಲರು. ಲೋಕದಲ್ಲಿ ಇಲ್ಲದ್ದನ್ನು ಇದೆಯೆಂದೂ, ಇರುವುದನ್ನು ಇಲ್ಲವೆಂದೂ ಕವಿಗಳು ಪರಂಪರೆಯಿಂದ ಒಪ್ಪಿಕೊಂಡು ವರ್ಣಿಸುವ ಕಟ್ಟಳೆ ಅದು. ಕ್ರಿ.ಶ. 900ರ ಆಸುಪಾಸಿನಲ್ಲಿದ್ದ ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ ಇದಕ್ಕೆ ಉದಾಹರಣೆಗಳನ್ನು ಕೊಡುತ್ತಾನೆ. ಹರಿಯುವ ನದಿಯಲ್ಲಿ ತಾವರೆಯನ್ನು ವರ್ಣಿಸುವುದು ಒಂದು, ಕಂಡ ಕಂಡ ಜಲಾಶಯದಲ್ಲೆಲ್ಲ ಹಂಸಗಳನ್ನು ತೇಲಿಬಿಡುವುದು ಇನ್ನೊಂದು. ಅವನು ಹೇಳಿದ್ದು ಇಷ್ಟೆ: ಹಂಸಗಳು ಎಲ್ಲ ನೀರಿನಲ್ಲೂ ಇರುವುದಿಲ್ಲ, ಆದರೆ ಕವಿಗಳು ಎಲ್ಲ ನೀರಿನಲ್ಲೂ ಅವನ್ನು ಕಾಣುತ್ತಾರೆ. ನಾನು ಪಾಠದ ರಭಸದಲ್ಲಿ ಈ ಮಾತನ್ನು ಒಂದು ಹೆಜ್ಜೆ ಮುಂದಕ್ಕೆ ಎಳೆದು, ಹಂಸವೇ ಒಂದು ಕವಿಸಮಯ ಎಂದು ಹೇಳಿಕೊಡುತ್ತಿದ್ದೆ. ಹಾಲು ನೀರು ಬೇರ್ಪಡಿಸುವ ಹಕ್ಕಿ ಎಲ್ಲಿಯಾದರೂ ಉಂಟೆ ಎಂದು ಕೇಳಿದರೆ ತರಗತಿಯೂ ತಲೆದೂಗುತ್ತಿತ್ತು.

1991ರ ಮಾತು. ಹೀಗೆಯೇ ಪಾಠ ಸಾಗಿದ್ದಾಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಶಿರಹಟ್ಟಿ ತಾಲ್ಲೂಕಿನವನು, ಹೆಚ್ಚು ಮಾತಾಡದವನು. "ಸರ, ಚಳಿಗಾಲದಾಗ ನಮ್ಮೂರ ಕಡೆ ಕೆರಿಗೆ ದೊಡ್ಡ ಹಕ್ಕಿ ಬರ್ತಾವ್ರಿ. ಸಾವಿರಗಟ್ಟಲೆ. ಅವು ಹಂಸ ಇರಬಹುದೇನ್ರಿ?" ಎಂದು ಕೇಳಿದ. ನಾನು ಆಗ ಮೂವತ್ತೆರಡರ ತರುಣ. ಮಾತಿನ ಚಾತುರ್ಯಕ್ಕೆ ಚಪ್ಪಾಳೆ ಬೀಳುವ ವಯಸ್ಸು. "ನಿಮ್ಮೂರ ಕೆರೆಗೆ ಬರುವುದು ಬಾತುಕೋಳಿಯಪ್ಪಾ. ಹಂಸ ಇಳಿಯುವುದು ಕಾವ್ಯದಲ್ಲಿ ಮಾತ್ರ" ಎಂದುಬಿಟ್ಟೆ. ತರಗತಿ ಹೋ ಎಂದು ನಕ್ಕಿತು. ಹುಡುಗ ಕುಳಿತ. ಆ ವರ್ಷವೆಲ್ಲ ಅವನು ಮತ್ತೆ ಎದ್ದು ಪ್ರಶ್ನೆ ಕೇಳಿದ ನೆನಪು ನನಗಿಲ್ಲ.

ಇದು ಅಲ್ಲಿಗೇ ಮುಗಿದಿದ್ದರೆ ಅದೊಂದು ತರುಣ ಮೇಷ್ಟರ ಉದ್ಧಟತನವೆಂದು ಮರೆಯಬಹುದಾಗಿತ್ತು. ನಾಚಿಕೆಯ ಸಂಗತಿಯೆಂದರೆ, ಆ ನಗು ನನಗೆ ಎಷ್ಟು ಹಿಡಿಸಿತೆಂದರೆ ಮುಂದೆ ಪ್ರತಿ ವರ್ಷ ಕವಿಸಮಯದ ಪಾಠ ಬಂದಾಗ "ಒಬ್ಬ ಹುಡುಗ ಹೀಗೆ ಕೇಳಿದ" ಎಂದು ಅದನ್ನೇ ದೃಷ್ಟಾಂತವಾಗಿ ಹೇಳುತ್ತ ಬಂದೆ. ಪ್ರತಿ ವರ್ಷವೂ ಹೊಸ ತರಗತಿ ಅಷ್ಟೇ ಚೆನ್ನಾಗಿ ನಕ್ಕಿತು.

ನಿವೃತ್ತಿಯಾದ ಮೇಲೆ ಓದುವುದಕ್ಕೆ ಕಾಲ ದೊರೆಯುತ್ತದೆ ಎನ್ನುತ್ತಾರೆ. ನಿಜ. ಆದರೆ ಓದಿದ್ದನ್ನು ಯಾರಿಗೂ ಪಾಠ ಹೇಳಬೇಕಾಗಿಲ್ಲವಾದ್ದರಿಂದ ಓದು ನೇರವಾಗಿ ನಮಗೇ ತಾಗುತ್ತದೆ. ಎರಡು ವರ್ಷದ ಹಿಂದೆ ಗ್ರಂಥಾಲಯದಲ್ಲಿ ಬೇರೆ ಏನನ್ನೋ ಹುಡುಕುತ್ತಿದ್ದಾಗ ಕೆ. ಎನ್. ದವೆಯವರು ಸಂಸ್ಕೃತ ಸಾಹಿತ್ಯದ ಪಕ್ಷಿಗಳನ್ನು ಕುರಿತು ಬರೆದ, 1985ರಲ್ಲಿ ಅಚ್ಚಾದ ದೊಡ್ಡ ಪುಸ್ತಕ ಕೈಗೆ ಬಂತು. ಅದರ ಬೆನ್ನಿಗೆ ಡಚ್ ವಿದ್ವಾಂಸ ಫೋಗೆಲ್ ಅವರು ಭಾರತೀಯ ಸಾಹಿತ್ಯ ಹಾಗೂ ಶಿಲ್ಪದಲ್ಲಿ ಬರುವ ಹಂಸವನ್ನೇ ಕುರಿತು ಬರೆದ, 1962ರಲ್ಲಿ ಪ್ರಕಟವಾದ ಪುಸ್ತಕವನ್ನೂ ತರಿಸಿ ಓದಿದೆ. ಇಬ್ಬರ ದಾರಿಯೂ ಬೇರೆ. ಆದರೆ ಹಂಸವೆಂದರೆ ಕೇವಲ ಕಲ್ಪನೆಯ ಪಕ್ಷಿಯಲ್ಲ ಎಂಬುದು ಇಬ್ಬರ ಬರಹದಿಂದಲೂ ಮನಸ್ಸಿಗೆ ನಾಟುತ್ತದೆ. ನಮ್ಮ ದೇಶಕ್ಕೆ ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತಿನ ಹೆಸರು ಈ ಚರ್ಚೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಪುಸ್ತಕ ಮುಚ್ಚಿದಾಗ ನನ್ನ ಕಿವಿಯಲ್ಲಿ ಕೇಳಿಸಿದ್ದು ಯಾವ ಶ್ಲೋಕವೂ ಅಲ್ಲ, ಆ ತರಗತಿಯ ನಗು.

ಹುಡುಗನ ವಿಳಾಸ ಹುಡುಕಲು ಒಂದು ತಿಂಗಳು ಹಿಡಿಯಿತು. ಈಗ ಅವರು ತಮ್ಮ ತಾಲ್ಲೂಕಿನಲ್ಲೇ ಹೈಸ್ಕೂಲು ಮಾಸ್ತರರು, ಐವತ್ತು ದಾಟಿದವರು. ಅವರ ಹೆಸರನ್ನು ಬಾನುಲಿಯಲ್ಲಿ ಹೇಳುವುದು ಅವರಿಗೆ ಇಷ್ಟವಿಲ್ಲವಾದ್ದರಿಂದ ಮಾಸ್ತರರೆಂದೇ ಕರೆಯುತ್ತೇನೆ. ಫೋನಿನಲ್ಲಿ ಮಾತಾಡುವ ಧೈರ್ಯವಾಗದೆ ಕಾಗದ ಬರೆದು ಅಂಚೆಗೆ ಹಾಕಿದೆ. ಇಲ್ಲಿ ಶಬ್ದದ ಒಂದು ವಿನೋದವನ್ನು ಹೇಳದೆ ಮುಂದೆ ಹೋಗಲಾರೆ. ನಮ್ಮ ಹಳಗನ್ನಡದ ಕವಿಗಳು ಹಂಸ ಶಬ್ದವನ್ನು ತದ್ಭವ ಮಾಡಿ 'ಅಂಚೆ' ಎಂದರು. ಪಂಪನ ಕಾಲದ ಓದುಗನಿಗೆ ಅಂಚೆಯೆಂದರೆ ಕೊಳದಲ್ಲಿ ತೇಲುವ ಹಕ್ಕಿ, ನಮಗೆ ಅಂಚೆಯೆಂದರೆ ಕೆಂಪು ಡಬ್ಬಿ. ಅಂಚೆಯ ವಿಷಯ ಕೇಳಲು ಅಂಚೆಯನ್ನೇ ಕಳಿಸಿದಂತಾಯಿತಲ್ಲ ಎಂದು ಡಬ್ಬಿಯ ಮುಂದೆ ನಿಂತು ಒಬ್ಬನೇ ನಕ್ಕೆ.

ಉತ್ತರ ಮಾತ್ರ ಫೋನಿನಲ್ಲೇ ಬಂತು. ತರಗತಿಯ ಪ್ರಸ್ತಾಪ ಅದರಲ್ಲಿರಲಿಲ್ಲ. "ಬರ್ರಿ ಸರ, ಫೆಬ್ರುವರಿ ಮುಗಿಯೂದರಾಗ ಬರ್ರಿ. ಶಿವರಾತ್ರಿ ಆತಂದ್ರ ಅವು ಒಂದೊಂದ ಗುಂಪು ಹೊಂಟ ಬಿಡ್ತಾವ. ಆಮ್ಯಾಲೆ ಬಂದ್ರ ಬರೇ ನೀರು ತೋರಿಸಬೇಕಾಗ್ತದ" ಎಂದರು.

ಮಾಗಡಿಯೆಂದೊಡನೆ ದಕ್ಷಿಣದ ಕಡೆಯ ಕೇಳುಗರಿಗೆ ಬೆಂಗಳೂರಿನ ಬಳಿಯ ಕೆಂಪೇಗೌಡರ ಮಾಗಡಿ ನೆನಪಾದೀತು. ಇದು ಬೇರೆ. ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ, ಗದಗದಿಂದ 26 ಕಿಲೋಮೀಟರು. ಸಮುದ್ರಮಟ್ಟದಿಂದ ಸುಮಾರು 2,000 ಅಡಿ ಎತ್ತರದ ಎರೆನೆಲದ ಬಯಲು. ಆ ಬಯಲಿನ ಮಳೆನೀರನ್ನು ತಡೆದು ಹೊಲಗಳಿಗೆ ಉಣಿಸಲು ಹಿಂದಿನವರು ಕಟ್ಟಿದ ಕೆರೆ, ಸುಮಾರು 50 ಹೆಕ್ಟೇರು. ಹಿಂದಿನ ರಾತ್ರಿ ನಾನು ತಂಗಿದ್ದು ಪಕ್ಕದ ಲಕ್ಷ್ಮೇಶ್ವರದಲ್ಲಿ. ಲಕ್ಷ್ಮೇಶ್ವರವೆಂದರೆ ಹಳೆಯ ಪುಲಿಗೆರೆ. ಕವಿರಾಜಮಾರ್ಗಕಾರನು ಕನ್ನಡದ ತಿರುಳು ಇರುವ ನಾಡೆಂದು ಗುರುತಿಸಿದ ನಾಲ್ಕು ಊರುಗಳಲ್ಲಿ ಒಂದು. ಪಂಪನು ತನ್ನ ಕಾವ್ಯದ ಭಾಷೆ ಈ ಪುಲಿಗೆರೆಯ ತಿರುಳ್ಗನ್ನಡವೆಂದು ಹೆಮ್ಮೆಯಿಂದ ಹೇಳಿಕೊಂಡ. ಪರೀಕ್ಷೆಯಲ್ಲಿ ಈ ನಾಲ್ಕು ಹೆಸರುಗಳನ್ನು ಬರೆಯದ ವಿದ್ಯಾರ್ಥಿಯ ಅಂಕವನ್ನು ನಾನು ಕಡಿತ ಮಾಡುತ್ತಿದ್ದೆ. ಆ ತಿರುಳ್ಗನ್ನಡದ ನೆಲದಿಂದ ಬಂದ ಹುಡುಗನೇ ಕೆರೆಯ ವಿಷಯ ಕೇಳಿದಾಗ ಅವನಿಗೆ ಬಾತುಕೋಳಿ ಎಂದಿದ್ದೆ.

ಬೆಳಿಗ್ಗೆ ಐದಕ್ಕೇ ಮಾಸ್ತರರು ಮೋಟರು ಸೈಕಲ್ಲು ತಂದು ಬಾಗಿಲಲ್ಲಿ ನಿಲ್ಲಿಸಿದರು. ಮಫ್ಲರು ಬಿಗಿದುಕೊಂಡು ಹಿಂದೆ ಕುಳಿತೆ. ಅವರನ್ನು ಏಕವಚನದಲ್ಲಿ ಕರೆಯಬೇಕೋ ಬಹುವಚನದಲ್ಲಿ ಕರೆಯಬೇಕೋ ಎಂಬ ಸಂಕೋಚ ನನಗೆ ಹಿಂದಿನ ರಾತ್ರಿಯಿಂದಲೂ ಇತ್ತು. ವಾಕ್ಯಗಳನ್ನು ಕ್ರಿಯಾಪದ ಬಾರದ ಹಾಗೆ ಕಟ್ಟುತ್ತಿದ್ದೆ. ದಾರಿಯುದ್ದಕ್ಕೂ ಕೊಯ್ದು ಮಲಗಿಸಿದ ಬಿಳಿಜೋಳದ ವಾಸನೆ, ಅಲ್ಲಲ್ಲಿ ಕಡಲೆ ಕಿತ್ತ ಹೊಲಗಳು. ಚಳಿ ಇನ್ನೂ ಹಿಡಿತ ಬಿಟ್ಟಿರಲಿಲ್ಲ. ಆದರೆ ಗಾಳಿಯಲ್ಲಿ ಎಲ್ಲೋ ಬೇವಿನ ಹೊಸ ಚಿಗುರಿನ ಕಹಿ ಸೇರಿಕೊಂಡಿತ್ತು. ಪಂಚಾಂಗದ ಲೆಕ್ಕಕ್ಕೆ ವಸಂತ ಇನ್ನೂ ಬಂದಿರಲಿಲ್ಲ, ಮರಗಳ ಲೆಕ್ಕಕ್ಕೆ ಆಗಲೇ ಹೊಸ್ತಿಲಲ್ಲಿತ್ತು.

ಕೆರೆಯ ಏರಿಯ ಮೇಲೆ ಕುಳಿತಾಗ ಕತ್ತಲೆ ಹರಿದಿರಲಿಲ್ಲ. ನೀರು ಕಾಣಲಿಲ್ಲ, ನೀರಿನ ಮೇಲಿನ ಸದ್ದು ಮಾತ್ರ ಕೇಳಿಸಿತು. ಅಲ್ಲೊಂದು ಇಲ್ಲೊಂದು ಬಾತು ಗುಳುಗುಳಿಸುತ್ತಿತ್ತು, ಮೆಟ್ಟುಗಾಲು ಹಕ್ಕಿಗಳು ಕಿರುಚುತ್ತಿದ್ದವು. "ಹಕ್ಕಿ ಎಲ್ಲಿ?" ಎಂದೆ. "ಹೊಲದಾಗ ಅದಾವ್ರಿ. ರಾತ್ರಿ ಮೇಯಾಕ ಹೋಗ್ತಾವ, ಮುಂಜಾನಿ ಕೆರಿಗೆ ಬಂದು ಹಗಲೆಲ್ಲಾ ಇಲ್ಲೇ ಮಲಗ್ತಾವ" ಎಂದರು ಮಾಸ್ತರರು. ಸ್ವಲ್ಪ ಹೊತ್ತು ಕಳೆಯಿತು. ಪೂರ್ವದಲ್ಲಿ ಕಪ್ಪತಗುಡ್ಡದ ಬೆನ್ನು ಒಂದು ಗೆರೆಯಾಗಿ ಮೂಡಿತು. ಆಗ ಪಶ್ಚಿಮದ ಹೊಲಗಳ ಕಡೆಯಿಂದ ಒಂದು ಧ್ವನಿ ಬಂತು. ಕೊಳಲಲ್ಲ, ಕೋಗಿಲೆಯಲ್ಲ. ಮೂಗಿನಿಂದ ಹೊರಟ, ತುಸು ಒಡಕಾದ, ದೂರದಲ್ಲಿ ಜನ ಜಾತ್ರೆಗೆ ಬರುತ್ತ ಮಾತಾಡಿಕೊಂಡ ಹಾಗಿನ ಗದ್ದಲ. ಹಂಸಧ್ವನಿ ರಾಗವನ್ನು ಕೇಳಿ ಬೆಳೆದ ನನ್ನ ಕಿವಿಗೆ ಇದೆಂಥ ಅಪಸ್ವರವೆನ್ನಿಸಿತೆಂದು ಒಪ್ಪಿಕೊಳ್ಳುತ್ತೇನೆ.

ಮೊದಲ ಸಾಲು ತಲೆಯ ಮೇಲೆಯೇ ಹಾದುಹೋಯಿತು. ಇಪ್ಪತ್ತು ಮೂವತ್ತು ಹಕ್ಕಿಗಳು, ಬಾಣದ ಮೊನೆಯಂತೆ ಎರಡು ತೋಳಾಗಿ. ರೆಕ್ಕೆಯ ಸದ್ದು ಕೇಳಿಸುವಷ್ಟು ಕೆಳಗೆ. ಕೆರೆಯ ಮೇಲೆ ಬಂದೊಡನೆ ಬಾಣ ಮುರಿದುಬಿತ್ತು. ಒಂದೊಂದೂ ಅತ್ತ ಇತ್ತ ಓಲಾಡಿ, ಕಾಲು ಮುಂದೆ ಚಾಚಿ, ನೀರನ್ನು ಸೀಳಿಕೊಂಡು ಇಳಿಯಿತು. ಅದರ ಹಿಂದೆ ಇನ್ನೊಂದು ಸಾಲು, ಮತ್ತೊಂದು. ಅರ್ಧ ಗಂಟೆಯಲ್ಲಿ ಕೆರೆಯ ನಡುವೆ ಒಂದು ಬೂದುಬಣ್ಣದ ದ್ವೀಪವೇ ನಿರ್ಮಾಣವಾಯಿತು. ಸಾವಿರದ ಆಸುಪಾಸು ಇವೆಯೆಂದು ಮಾಸ್ತರರು ಎಣಿಸಿದರು. ತುಂಬಿದ ಕಾಲದಲ್ಲಿ ಇಲ್ಲಿಗೆ ಸುಮಾರು 8,000 ಬರುತ್ತವೆ. ದಕ್ಷಿಣ ಭಾರತದಲ್ಲಿ ಈ ಹಕ್ಕಿ ಅತಿ ಹೆಚ್ಚು ಸಂಖ್ಯೆಯಲ್ಲಿ ಚಳಿಗಾಲ ಕಳೆಯುವ ನೆಲೆಗಳಲ್ಲಿ ಇದು ಒಂದು. 2024ರಲ್ಲಿ ಈ ಕೆರೆ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿ, ಜಗತ್ತಿನ ಮುಖ್ಯ ಜೌಗುನೆಲಗಳ ಸಾಲಿನಲ್ಲಿ ನಿಂತಿತು. ನೂರ ಅರವತ್ತಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ಇಲ್ಲಿ ದಾಖಲಾಗಿವೆ. ಅಂದು ನಾನು ಕಂಡವು ಹದಿನೈದಿರಬಹುದು. ಬಣ್ಣದ ಕೊಕ್ಕರೆ, ಚಮಚದಂಥ ಕೊಕ್ಕಿನ ಬಾತು, ಸೂಜಿಬಾಲದ ಬಾತು. ಆಚೆಯ ದಂಡೆಯಲ್ಲಿ ಕಾವಿ ಬಣ್ಣದ ಒಂದು ಜೋಡಿ. ಅದು ಚಕ್ರವಾಕವೆಂದು ಮಾಸ್ತರರು ಹೇಳಿದಾಗ, ಇದನ್ನೂ ನಾನು ಕವಿಸಮಯದ ಪಟ್ಟಿಯಲ್ಲಿ ಸೇರಿಸಿದ್ದೆನಲ್ಲ ಎಂದು ನೆನಪಾಗಿ ಸುಮ್ಮನಾದೆ. ಒಂದೇ ಬೆಳಿಗ್ಗೆ ಎಷ್ಟೆಂದು ತಪ್ಪೊಪ್ಪಿಕೊಳ್ಳುವುದು!

ಸೂರ್ಯ ಗುಡ್ಡದ ಮೇಲೆ ಬಂದ ಮೇಲೆ ಅವರ ದುರ್ಬೀನು ಕೈಗೆ ತೆಗೆದುಕೊಂಡೆ. ಹಿಡಿಯುವ ಅಭ್ಯಾಸವಿಲ್ಲದೆ ಮೊದಲು ಕಂಡದ್ದು ನನ್ನದೇ ರೆಪ್ಪೆ. ಆಮೇಲೆ ಹಕ್ಕಿ ಸಿಕ್ಕಿತು. ಬಿಳಿಯ ತಲೆ, ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ, ಮಸಿ ಹಚ್ಚಿದಂಥ ಕತ್ತಿನ ಬದಿಗೆ ಮೇಲಿಂದ ಕೆಳಕ್ಕೆ ಎಳೆದ ಬಿಳಿಗೆರೆ. ಮೈ ತಿಳಿಬೂದು. ಕೊಕ್ಕೂ ಕಾಲೂ ಕಿತ್ತಳೆ ಬೆರೆತ ಹಳದಿ. ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಗೊತ್ತು, ಬಿಳಿಯ ಮೈಯ, ಕೆಂಪು ಕೊಕ್ಕು ಕೆಂಪು ಕಾಲಿನ ಹಂಸವನ್ನು ರಾಜಹಂಸವೆಂದು ಅಮರಸಿಂಹ ಲಕ್ಷಣ ಹೇಳುತ್ತಾನೆ. ಎಳೆಬಿಸಿಲು ಅಡ್ಡಲಾಗಿ ಬಿದ್ದ ಆ ಹೊತ್ತಿನಲ್ಲಿ ಬೂದುಬಣ್ಣ ಬಿಳುಪಾಗಿಯೂ, ಕಿತ್ತಳೆ ಕೆಂಪಾಗಿಯೂ ಕಂಡಿತು. ನಾನು ಇದನ್ನು ಪ್ರಮಾಣವೆಂದು ಒಡ್ಡುತ್ತಿಲ್ಲ. ನಿಘಂಟಿನ ಕರ್ತೃವೂ ಒಂದು ಬೆಳಿಗ್ಗೆ ಯಾವುದೋ ಕೆರೆಯ ದಂಡೆಯಲ್ಲಿ ಕುಳಿತಿದ್ದಿರಬಹುದು ಎಂಬ ಯೋಚನೆ ಮಾತ್ರ ನನಗೆ ಹೊಸದಾಗಿತ್ತು.

ಹಾಗಾದರೆ ನಮ್ಮ ಕಣ್ಣಿನೊಳಗೆ ಕುಳಿತಿರುವ ಆ ಹಾಲುಬಿಳುಪಿನ, ನೀಳ ಬಳುಕುಕತ್ತಿನ ಹಂಸ ಎಲ್ಲಿಂದ ಬಂತು? ರಾಜಾ ರವಿವರ್ಮನು 1899ರಲ್ಲಿ ಬರೆದ ಹಂಸ ದಮಯಂತಿ ಚಿತ್ರವನ್ನು ನೆನೆದುಕೊಳ್ಳಿ. ಅಲ್ಲಿ ದಮಯಂತಿಯ ಮುಂದೆ ನಿಂತಿರುವುದು ಯುರೋಪಿನ ಸರೋವರಗಳ ಸ್ವಾನ್ ಪಕ್ಷಿ. ದಕ್ಷಿಣ ಭಾರತದ ಯಾವ ಕೆರೆಯಲ್ಲೂ ಕಾಣದ ಹಕ್ಕಿ ಅದು. ಆ ಬಗೆಯ ಚಿತ್ರಗಳು ಕ್ಯಾಲೆಂಡರಾಗಿ ಮನೆಮನೆಯ ಗೋಡೆಗೆ ಬಂದವು. ಕನ್ನಡ ಮೇಷ್ಟರ ತಲೆಯೊಳಗೂ ಬಂದವು. ಹಳೇಬೀಡಿನ ಗುಡಿಯ ಗೋಡೆಯಲ್ಲಿ ಪಟ್ಟಿಕೆಯಾಗಿ ಸಾಲುಗಟ್ಟಿ ನಡೆಯುವ ಹಂಸಗಳನ್ನು ನಾನು ನಾಲ್ಕಾರು ಬಾರಿ ವಿದ್ಯಾರ್ಥಿಗಳಿಗೆ ತೋರಿಸಿದ್ದೇನೆ. ಶಿಲ್ಪಿ ಬಾಲವನ್ನು ಬಳ್ಳಿಯಾಗಿ ಎಳೆದು ಬೆಳೆಸಿದ್ದಾನೆ ನಿಜ. ಆದರೆ ಆ ದಪ್ಪ ಮೈ, ಗಿಡ್ಡ ಕಾಲು ರವಿವರ್ಮನ ಹಕ್ಕಿಯವಲ್ಲ, ಇಲ್ಲಿಯವು.

ಒಂದು ಗುಂಪು ನೀರು ಬಿಟ್ಟು ಹುಲ್ಲಿನ ದಂಡೆಗೆ ಹತ್ತಿತು. ನಡಿಗೆಯನ್ನು ಗಮನಿಸಿದೆ. ಹಂಸಗಮನೆ ಎಂಬ ವಿಶೇಷಣವನ್ನು ಬಿಡಿಸಿ ಹೇಳುವಾಗ ನಾನು ಏನೇನೋ ನಾಜೂಕನ್ನು ವರ್ಣಿಸುತ್ತಿದ್ದೆ. ಇವು ಮೈಯ ಭಾರವನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತೂಗಿ, ಯಾವ ಆತುರವೂ ಇಲ್ಲದೆ, ತಲೆಯನ್ನು ಮಾತ್ರ ಅಲುಗಿಸದೆ ನಡೆದವು. ತುಂಬಿದ ಕೊಡ ಹೊತ್ತು ಏರಿಯ ಇಳಿಜಾರಿನಲ್ಲಿ ಬರುವ ಹೆಣ್ಣುಮಗಳ ನಡಿಗೆ ಅದು. ಕವಿಗಳು ನಾಜೂಕನ್ನು ಹೇಳಿರಲಿಲ್ಲ, ನಿಧಾನವನ್ನು ಹೇಳಿದ್ದರು. ನಾಜೂಕು ನಾನು ಸೇರಿಸಿದ್ದು.

ಅಷ್ಟರಲ್ಲಿ ಕಂಬಳಿ ಹೊದ್ದ ಒಬ್ಬ ಮುದುಕ ಎರಡು ಎಮ್ಮೆ ಹೊಡೆದುಕೊಂಡು ಏರಿಯ ಮೇಲೆ ಬಂದ. ಮಾಸ್ತರರ ಪರಿಚಯದವನು. ಈ ಹಕ್ಕಿಗಳಿಂದ ಬೆಳೆ ಹಾಳಾಗುವುದಿಲ್ಲವೆ ಎಂದು ಕೇಳಿದೆ.

"ಆಗ್ತೈತ್ರಿ, ಯಾಕ ಸುಳ್ಳ ಹೇಳ್ಲಿ" ಎಂದ. "ಶೇಂಗಾ ಕಿತ್ತ ಹೊಲದಾಗ ಉಳಿದಿದ್ದ ಕಾಯಿ ಆರಿಸಿ ತಿಂದ್ರ ನಮಗೇನ ಹಾನಿ ಇಲ್ರಿ. ಕಡ್ಲಿ ಚಿಗುರು ಮೇದ್ರ ಹೊಟ್ಟಿ ಉರೀತೈತಿ."

"ಮತ್ತೆ ಓಡಿಸುವುದಿಲ್ಲವೆ?"

"ಕೂಗಿದ್ರ ಬಾಜೂ ಹೊಲಕ್ಕ ಹೋಗ್ತಾವ್ರಿ. ಅದೂ ನಮ್ಮ ತಮ್ಮಂದs ಹೊಲ. ಬೀಗರು ಬಂದ್ರ ನಾಕ ರೊಟ್ಟಿ ಹೆಚ್ಚಿಗಿ ಬಡೀತೀವಲ್ರಿ, ಹಂಗs ತಿಳ್ಕೋಬೇಕು. ವರ್ಷಾ ವರ್ಷಾ ಬರೋ ಬೀಗರು." ಎಮ್ಮೆಗಳು ಮುಂದೆ ಹೋಗಿದ್ದವು, ಅವನೂ ಹೋದ. ಮಳೆಯಿಲ್ಲದೆ ಕೆರೆ ಬತ್ತಿದ ವರ್ಷ ಈ ಬೀಗರು ಬಾರದಿದ್ದರೆ ಊರಿಗೇ ಬೇಸರವೆಂದು ಮಾಸ್ತರರು ಆಮೇಲೆ ಹೇಳಿದರು. ಬೇಸರ ಹಕ್ಕಿಗಾಗಿಯೋ ನೀರಿಗಾಗಿಯೋ ಎಂದು ಬಿಡಿಸಿ ಕೇಳುವುದು ಅವಿವೇಕವಾದೀತೆಂದು ಕೇಳಲಿಲ್ಲ.

ನೀರಕ್ಷೀರದ ವಿಷಯ ಕೇಳಬೇಕೆಂದು ನಿಮಗನ್ನಿಸಿರಬಹುದು. ಅದನ್ನು ಅಲ್ಲಿ ಕಾಣಲಾಗುವುದಿಲ್ಲವಷ್ಟೆ. ಅಮೆರಿಕದ ಸಂಸ್ಕೃತ ವಿದ್ವಾಂಸ ಲ್ಯಾನ್‌ಮನ್ 1898ರಲ್ಲಿಯೇ ಈ ಬಗ್ಗೆ ಒಂದು ಲೇಖನ ಬರೆದಿದ್ದ. ಕ್ಷೀರವೆಂದರೆ ಗಿಡದ ಹಾಲೂ ಹೌದು. ನೀರಿನೊಳಗಿನ ತಾವರೆಯ ದಂಟನ್ನು ಕಚ್ಚಿದಾಗ ಒಸರುವ ಹಾಲಿನಂಥ ರಸವನ್ನು ಹೀರುವ ಹಕ್ಕಿಯೇ ಮುಂದೆ ನೀರಿನಿಂದ ಹಾಲನ್ನು ಬೇರ್ಪಡಿಸುವ ಹಕ್ಕಿಯಾಯಿತೆಂಬ ವಿವರಣೆ ಅಲ್ಲಿ ದೊರೆಯುತ್ತದೆ. ನನಗೆ ಅದು ಸಮಂಜಸವಾಗಿ ತೋರುತ್ತದೆ.

ಅದಕ್ಕಿಂತ ನನ್ನನ್ನು ಅಲುಗಿಸಿದ್ದು ಮೇಘದೂತ. ಯಕ್ಷನು ಮೋಡಕ್ಕೆ ದಾರಿ ಹೇಳುವಾಗ, ಮಾನಸಸರೋವರಕ್ಕೆ ಹೊರಟ ರಾಜಹಂಸಗಳು ತಾವರೆದಂಟಿನ ಬುತ್ತಿ ಕಟ್ಟಿಕೊಂಡು ಕೈಲಾಸದವರೆಗೆ ನಿನ್ನ ಜೊತೆಗೆ ಬರುತ್ತವೆ ಎನ್ನುತ್ತಾನೆ. ಮುಂದೆ ಹಿಮಾಲಯದಲ್ಲಿ ಕ್ರೌಂಚಪರ್ವತದ ರಂಧ್ರವೊಂದನ್ನು ತೋರಿಸಿ, ಅದು ಪರಶುರಾಮನ ಕೀರ್ತಿಯ ದಾರಿ, ಹಂಸಗಳ ಬಾಗಿಲು ಎನ್ನುತ್ತಾನೆ. ಹಂಸದ್ವಾರ! ಇದನ್ನು ನಾನು ಪುರಾಣವೆಂದು ಒಂದೇ ವಾಕ್ಯದಲ್ಲಿ ದಾಟಿಸುತ್ತಿದ್ದೆ. ಈಗ ವಿಜ್ಞಾನಿಗಳು ಈ ಹಕ್ಕಿಗಳಿಗೆ ಸಣ್ಣ ಯಂತ್ರಗಳನ್ನು ಕಟ್ಟಿ, ಉಪಗ್ರಹದ ಮೂಲಕ ಅವುಗಳ ದಾರಿಯನ್ನು ಅಳೆದಿದ್ದಾರೆ. 2011ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅವು ಗಾಳಿಯ ನೆರವಿಗೆ ಕಾಯದೆ, ತಂಪಾದ ರಾತ್ರಿ ಮತ್ತು ಬೆಳಗಿನ ಜಾವಗಳಲ್ಲಿ, ರೆಕ್ಕೆ ಬಡಿದೇ ಕೆಲವೇ ಗಂಟೆಗಳಲ್ಲಿ ಹಿಮಾಲಯವನ್ನು ಏರುತ್ತವೆ. ಅವುಗಳ ರಕ್ತದ ಹಿಮೋಗ್ಲೋಬಿನ್ ತೆಳುಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಒಂದು ಹಕ್ಕಿ 7,290 ಮೀಟರು ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಆದರೆ 2015ರ ಇನ್ನೊಂದು ಅಧ್ಯಯನ ಹೇಳುವಂತೆ ಅವು ಒಂದೇ ಎತ್ತರದಲ್ಲಿ ಶಿಖರಗಳ ಮೇಲೆ ಹಾರಿಹೋಗುವುದಿಲ್ಲ. ನೆಲದ ಏರಿಳಿತವನ್ನೇ ಅನುಸರಿಸಿ, ಏರಿದಲ್ಲಿ ಏರಿ, ಇಳಿದಲ್ಲಿ ಇಳಿದು, ನೆಲಕ್ಕೆ ಹತ್ತಿರವಾಗಿಯೇ ಸಾಗುತ್ತವೆ. ಏಕೆಂದರೆ ಕೆಳಗಿನ ಗಾಳಿ ದಟ್ಟ, ಹಾರುವ ಶ್ರಮ ಕಡಿಮೆ. ಹಿಮಾಲಯದ ಹಕ್ಕಿಗೆ ಬಾಗಿಲು ಬೇಕೆಂದು ಹೇಳಿದ ಕವಿ, ಯಾರಿಂದಲೋ ಏನೋ, ನೋಡಿದವರಿಂದ ಕೇಳಿದ್ದನೆಂದು ನನಗೀಗ ಅನ್ನಿಸುತ್ತದೆ.

ಹಾಗೆಂದು ಕವಿಯ ಪರವಾಗಿ ಪೂರ್ತಿ ವಕಾಲತ್ತು ವಹಿಸಲಾರೆ. ಮೇಘದೂತದ ಹಂಸಗಳು ಹೊರಡುವುದು ಆಷಾಢದ ಮೊದಲ ಮೋಡದ ಗುಡುಗು ಕೇಳಿ. ಮಾಗಡಿಯ ಹಂಸಗಳು ಹೊರಡುವುದು ಮಾರ್ಚಿಗೆ. ಆಷಾಢದ ಹೊತ್ತಿಗೆ ಅವು ಟಿಬೆಟ್ಟಿನ, ಮಂಗೋಲಿಯದ ಎತ್ತರದ ಸರೋವರಗಳ ದಂಡೆಯಲ್ಲಿ ಮರಿಗಳ ಜೊತೆಗಿರುತ್ತವೆ. ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ನಮ್ಮ ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ದಾರಿ ಸರಿ, ತಿಂಗಳು ತಪ್ಪು. ಮೋಡಕ್ಕೆ ಜೊತೆ ಬೇಕಾಗಿತ್ತು, ಕವಿ ಹಕ್ಕಿಗಳನ್ನು ಮೂರು ತಿಂಗಳು ನಿಲ್ಲಿಸಿಕೊಂಡ. ಕವಿಸಮಯವೆಂಬುದು ಇಲ್ಲಿದೆ. ಹಕ್ಕಿಯಲ್ಲಲ್ಲ, ಹೊರಡುವ ಸಮಯದಲ್ಲಿ.

ಇದನ್ನೆಲ್ಲ ನಾನು ಮಾಸ್ತರರಿಗೆ ಹೇಳುತ್ತಿದ್ದೆ, ಹಳೆಯ ಚಾಳಿ. ಅವರು ಕೇಳಿಸಿಕೊಳ್ಳುತ್ತಲೇ ಜೋಳಿಗೆಯಿಂದ ಒಂದು ನೋಟುಪುಸ್ತಕ ತೆಗೆದು ಅಂದಿನ ಲೆಕ್ಕ ಬರೆದುಕೊಂಡರು. ಕೈಗೆ ಕೊಡಿರೆಂದು ಕೇಳಿದೆ. ರಟ್ಟು ಹರಿದು, ಬಟ್ಟೆ ಅಂಟಿಸಿದ ಪುಸ್ತಕ. ಪ್ರತಿ ವರ್ಷ ಹಕ್ಕಿ ಮೊದಲು ಕಂಡ ದಿನ, ಕಡೆಯದಾಗಿ ಕಂಡ ದಿನ, ಅಂದಾಜು ಸಂಖ್ಯೆ, ಕೆರೆಯಲ್ಲಿ ನೀರೆಷ್ಟು ಎಂಬ ಟಿಪ್ಪಣಿ. ಕೆಲವು ವರ್ಷಗಳ ಮುಂದೆ 'ಕೆರೆ ಬತ್ತಿದೆ' ಎಂದಷ್ಟೇ ಇತ್ತು. ಪುಟ ತಿರುವುತ್ತ ಮೊದಲನೆಯದಕ್ಕೆ ಬಂದೆ. 1991 ಡಿಸೆಂಬರ್ 22, ಭಾನುವಾರ. ಮೇಲೆ, ಕಾಲಂನ ತಲೆಯಲ್ಲಿ, ವಿದ್ಯಾರ್ಥಿಯ ದುಂಡನೆಯ ಅಕ್ಷರದಲ್ಲಿ ಒಂದೇ ಶಬ್ದ: 'ಹಂಸ?'

ಆ ಪ್ರಶ್ನಾರ್ಥಕ ಚಿಹ್ನೆ ಪ್ರತಿ ವರ್ಷದ ಪುಟದ ಮೇಲೂ ಇತ್ತು.

ತಡಮಾಡಿದರೆ ಆಗದೆಂದು ಹೇಳಿಬಿಟ್ಟೆ. "ಆ ದಿನ ತರಗತಿಯಲ್ಲಿ ನಾನು ಹಾಗೆ ಅನ್ನಬಾರದಾಗಿತ್ತು. ಅಂದದ್ದಲ್ಲದೆ ಅದನ್ನು ಕಥೆ ಮಾಡಿ ವರ್ಷ ವರ್ಷ ಹೇಳಿದೆ. ಕ್ಷಮಿಸಪ್ಪಾ." ಯೋಚನೆಯಿಲ್ಲದೆ ಏಕವಚನವೇ ಬಂತು.

ಅವರು ನೀರಿನ ಕಡೆಗೇ ನೋಡುತ್ತಿದ್ದರು. "ಆ ಮಾತು ನಾನೂ ಹೇಳ್ತೇನ್ರಿ ಸರ, ನಮ್ಮ ಹುಡುಗರಿಗೆ" ಎಂದರು. "ನಮ್ಮ ಸರ ಹಿಂಗ ಅಂದಿದ್ರು ಅಂತ. ಆದ್ರ ಸಾಲ್ಯಾಗ ಹೇಳೂದಿಲ್ರಿ. ಇಲ್ಲಿ ಏರಿ ಮ್ಯಾಲೆ ಕೂಡಿಸಿ, ಹಕ್ಕಿ ತೋರಿಸಿಕೋತ ಹೇಳ್ತೇನಿ. ಅವರೂ ನಗ್ತಾರ್ರಿ."

ಅವರ ಧ್ವನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

"ಈ ಪ್ರಶ್ನಾರ್ಥಕವನ್ನು ಇನ್ನೂ ಏಕೆ ಇಟ್ಟುಕೊಂಡಿರುವುದು?" ಎಂದು ಕೇಳಿದೆ.

"ನೀವು ಹೌದು ಅಂದಿರಲಿಲ್ಲಲ್ರಿ ಸರ."

ನಾನು ಲೇಖನಿ ಕೇಳಿ ಪಡೆದು ಅದನ್ನು ಹೊಡೆದುಹಾಕಿದೆನೆಂದು ಹೇಳಿದರೆ ಕೇಳುಗರಿಗೆ ಸಂತೋಷವಾಗಬಹುದು. ಹಾಗೆ ಮಾಡಲಿಲ್ಲ. ಮುಕ್ಕಾಲು ಪಾಲು ಹೌದು ಎಂದೆ. ಅಮರಕೋಶದ ಕೆಂಪು ಕಾಲು ಒಂದು ತೊಡಕು, ಆಷಾಢ ಇನ್ನೊಂದು ತೊಡಕು, ಹಳಬರು ಹೆಬ್ಬಾತಿನ ಹಲವು ಜಾತಿಗಳಿಗೂ ಒಂದೇ ಹೆಸರು ಬಳಸಿರಬಹುದೆಂಬುದು ಮೂರನೆಯದು. ಮಾಸ್ತರರು ಮೂರನ್ನೂ ಪುಸ್ತಕದ ಅಂಚಿನಲ್ಲಿ ಶ್ರದ್ಧೆಯಿಂದ ಬರೆದುಕೊಂಡರು. ಆಮೇಲೆ ಅವರ ಮನೆಗೆ ಹೋಗಿ ಬಿಸಿ ಜೋಳದ ರೊಟ್ಟಿ, ಹೊಸ ಕಡಲೆಸೊಪ್ಪಿನ ಪಲ್ಯ ಉಂಡೆವು. ಬಡಿಸುವಾಗ ಅವರ ಶ್ರೀಮತಿಯವರು "ಸರ, ನಿಮ್ಮ ಸುದ್ದಿ ಭಾಳ ಕೇಳೇವ್ರಿ" ಎಂದು ನಕ್ಕರು. ಯಾವ ಸುದ್ದಿಯೆಂದು ನಾನು ಕೇಳಲಿಲ್ಲ. ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಮಾರ್ಚಿನ ಎರಡನೆಯ ವಾರ ಒಂದು ಬೆಳಿಗ್ಗೆ ಫೋನಿನ ಮೇಲೆ ಅವರ ಸಂದೇಶ ಬಂದಿತ್ತು. "ಸರ, ನಿನ್ನೆ ಸಂಜೀಕ ಇನ್ನೂರು ಇದ್ದವು. ಇವತ್ತ ಮುಂಜಾನಿ ಏಳರತನಕ ಕುಂತೆ. ಹೊಲದಿಂದ ಒಂದೂ ತಿರುಗಿ ಬರಲಿಲ್ರಿ."